ನಿಂತ ಗಾಡಿಯೂ ಲೆಕ್ಕಕ್ಕುಂಟು

"ಲಾರಿ, ಟೆಂಪೋ ಇಟ್ಟುಕೊಂಡು ದುಡಿಯಬೇಕು ಅನ್ನುವವರು ಪ್ರಶ್ನೆ ಕಳಿಸಿ" ಎಂದು ಹೋದ ತಿಂಗಳು ಸಂಪಾದಕರು ಎರಡು ಸಾಲು ಹಾಕಿದ್ದರು. ಒಂದು ರಟ್ಟಿನ ಡಬ್ಬಿ ತುಂಬಾ ಕಾಗದ ಬಂದಿವೆ. ಉತ್ತರ ಹೇಳೋಕೆ ನನ್ನನ್ನೇ ಯಾಕೆ ಹಿಡಿದರೋ ಗೊತ್ತಿಲ್ಲ. ನಾನು ಒಂದು ದಿನವೂ ಸ್ಟೇರಿಂಗ್ ಹಿಡಿದವಳಲ್ಲ. ನಮ್ಮ ಯಜಮಾನರು ಡ್ರೈವರ್ ಆಗಿದ್ದರು. 1998ರಲ್ಲಿ ಒಂದು ಹಳೇ ಆರು ಚಕ್ರದ ಲಾರಿ ತಗೊಂಡೆವು. ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಬರಬರುತ್ತಾ ಲೋಡ್ ಹುಡುಕುವುದು, ಡ್ರೈವರ್ ಹುಡುಕುವುದು, ಬಾಕಿಗೆ ಅಲೆಯುವುದು ಎಲ್ಲವೂ ನನ್ನ ತಲೆಗೇ ಬಂತು. ಈಗ ದಾವಣಗೆರೆಯಲ್ಲಿ ನಮ್ಮದು ಐದು ಗಾಡಿ. ಏಳು ಇತ್ತು, ಎರಡು ಮಾರಿದೆ. ಯಾಕೆ ಅನ್ನುವುದನ್ನು ಮುಂದೆ ಒಬ್ಬರಿಗೆ ಹೇಳಿದ್ದೇನೆ.

ನನಗೆ 26 ವರ್ಷ. ಐದು ವರ್ಷದಿಂದ ಬೇರೆಯವರ ಲಾರಿ ಓಡಿಸುತ್ತಿದ್ದೇನೆ. ಕೈಯಲ್ಲಿ 3 ಲಕ್ಷ ಇದೆ. ಒಬ್ಬರು 2014ರ ಹತ್ತು ಚಕ್ರದ ಲಾರಿ 9 ಲಕ್ಷಕ್ಕೆ ಕೊಡುತ್ತೇನೆ ಅಂತಾರೆ. ಅಪ್ಪ ಹೊಸ ಪಿಕಪ್ ತಗೋ ಅಂತಾರೆ. ಪಿಕಪ್‌ಗೆ ಕಂತು ತಿಂಗಳಿಗೆ 20,500 ಬರುತ್ತದೆ. ಯಾವುದು ಒಳ್ಳೆಯದು?
– ಹಿರಿಯೂರಿನ ಓದುಗ

ತಮ್ಮಾ, ಮೊದಲು ಒಂದು ಹಾಳೆ ತಗೋ. ಗಾಡಿ ಓಡದೆ ಮನೆ ಮುಂದೆ ನಿಂತರೂ ಯಾವ ಖರ್ಚು ಬರುತ್ತದೋ ಅದನ್ನಷ್ಟೇ ಬರಿ. ಪಿಕಪ್‌ನ ಲೆಕ್ಕ ನಾನೇ ಬರೆಯುತ್ತೇನೆ. ಕಂತು 20,500. ಇನ್ಶೂರೆನ್ಸ್ ವರ್ಷಕ್ಕೆ 30,000 ಅಂದುಕೊಂಡರೆ ತಿಂಗಳಿಗೆ 2,500. ಟ್ಯಾಕ್ಸ್, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್), ಹಾಳುಮೂಳು ಅಂತ 1,000. ನಿನ್ನ ಸಂಬಳ 18,000. ಹೌದು, ನಿನ್ನ ಸಂಬಳವನ್ನೂ ಬರೆಯಬೇಕು. ಬೇರೆಯವರ ಗಾಡಿ ಓಡಿಸಿದ್ದರೆ ಬರುತ್ತಿತ್ತಲ್ಲ ಆ ದುಡ್ಡು. ಒಟ್ಟು 42,000. ಮೂವತ್ತರಿಂದ ಭಾಗಿಸು. 1,400.

ಬೆಳಗಾಗೆದ್ದು ನೀನು ಹಲ್ಲುಜ್ಜುವ ಹೊತ್ತಿಗೆ 1,400 ರೂಪಾಯಿ ಹೋಗಿರುತ್ತದೆ. ಮಳೆ ಬರಲಿ, ಬಂದ್ ಇರಲಿ, ಅತ್ತೆ ಮಗಳ ಮದುವೆ ಇರಲಿ. ತಿಂಗಳಲ್ಲಿ 22 ದಿನ ಗಾಡಿ ಓಡಿತು ಅಂದುಕೋ. ಆಗ ಓಡಿದ ಒಂದೊಂದು ದಿನವೂ ಡೀಸೆಲ್, ಟೋಲ್ ಕಳೆದು 1,900ರ ಮೇಲೆ ಉಳಿಯಬೇಕು. ಅದಕ್ಕಿಂತ ಕಡಿಮೆ ಉಳಿದರೆ ನೀನು ದುಡಿಯುತ್ತಿರುವುದು ಸಾಲ ಕೊಟ್ಟವರಿಗಾಗಿ.

ಈಗ ಹತ್ತು ಚಕ್ರದ್ದು. ಬೆಲೆ ಕಡಿಮೆ ಅಂತ ಕಾಣುತ್ತದೆ, ನಿಜ. ಆದರೆ ಎಂಟು ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಅದಕ್ಕಿಂತ ಹೊಸದಾದರೆ ಎರಡು ವರ್ಷಕ್ಕೊಮ್ಮೆ. ಥರ್ಡ್ ಪಾರ್ಟಿ ಇನ್ಶೂರೆನ್ಸ್ ಒಂದೇ, 2022ರ ದರದಲ್ಲಿ, 20ರಿಂದ 40 ಟನ್ನಿನ ಗಾಡಿಗೆ 43,950 ರೂಪಾಯಿ. ಏಳೂವರೆ ಟನ್ನಿನ ಒಳಗಿನ ಪಿಕಪ್‌ಗೆ ಅದೇ 16,049. ಹೊರರಾಜ್ಯಕ್ಕೆ ಹೋಗಬೇಕಾದರೆ ನ್ಯಾಷನಲ್ ಪರ್ಮಿಟ್‌ಗೆ ವರ್ಷಕ್ಕೆ 16,500. ಟೈರು ಹತ್ತು, ಸ್ಟೆಪ್ನಿ ಸೇರಿ ಹನ್ನೊಂದು. ಡೀಸೆಲ್ ಲೀಟರಿಗೆ 91 ಅಂದುಕೊಂಡು, ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಟ್ಟರೂ ಕಿಲೋಮೀಟರಿಗೆ 23 ರೂಪಾಯಿ ಹೊಗೆಯಾಗಿ ಹೋಗುತ್ತದೆ. ಇದೆಲ್ಲ ಇರಲಿ ಬಿಡು, ದುಡಿಮೆ ಇದ್ದರೆ ತಡೆದೀತು. ನನಗೆ ಹೆದರಿಕೆ ಇರುವುದು ನಿನ್ನ 3 ಲಕ್ಷದ ಬಗ್ಗೆ. ಅದೆಲ್ಲ ಅಡ್ವಾನ್ಸಿಗೇ ಹೋಗಿ, ಎರಡನೇ ತಿಂಗಳು ಎಂಜಿನ್ ಕೆಲಸ ಬಂದರೆ ಯಾರ ಮನೆ ಬಾಗಿಲಿಗೆ ಹೋಗುತ್ತೀಯಾ? ನಮ್ಮ ಮೊದಲ ಲಾರಿಗೆ ಹಾಗೇ ಆಯ್ತು. ತಂದ ಹತ್ತೊಂಬತ್ತನೇ ದಿನಕ್ಕೆ ಗೇರ್ ಬಾಕ್ಸ್ ಕೂತಿತು. ನನ್ನ ಬಳೆ ಹೋದವು.

ಅಪ್ಪ ಹೇಳಿದ್ದಕ್ಕೇ ನನ್ನ ಓಟು. 2025ರ ಸೆಪ್ಟೆಂಬರ್‌ನಿಂದ ಸರಕು ಗಾಡಿಗಳ ಜಿಎಸ್‌ಟಿ 28ರಿಂದ 18 ಪರ್ಸೆಂಟಿಗೆ ಇಳಿದಿರುವುದರಿಂದ ಹೊಸ ಗಾಡಿ ಮೊದಲಿನಷ್ಟು ದೂರವೂ ಇಲ್ಲ. ಎರಡು ಲಕ್ಷ ಕಟ್ಟು. ಒಂದು ಲಕ್ಷ ಮುಟ್ಟಬೇಡ.

ಆದರೆ ಒಂದು ಮಾತು. ಪಿಕಪ್ ತಂದು ಸ್ಟ್ಯಾಂಡಿನಲ್ಲಿ ಸಾಲಿಗೆ ನಿಲ್ಲಿಸಿ ಬಾಡಿಗೆ ಕಾಯುವ ಹುಡುಗರು ಊರೂರಲ್ಲಿ ಇದ್ದಾರೆ. ಅವರ ಹಿಂದೆ ಇನ್ನೊಬ್ಬನಾಗಿ ನಿಲ್ಲಬೇಡ. ಗಾಡಿ ಬುಕ್ ಮಾಡುವ ಮೊದಲು ಬಾಡಿಗೆ ಬುಕ್ ಮಾಡು. ನಿಮ್ಮ ಕಡೆ ದಾಳಿಂಬೆ ಇದೆ, ತೆಂಗು ಇದೆ, ಡ್ರಿಪ್ ಪೈಪ್ ಅಂಗಡಿಗಳಿವೆ. ತಿಂಗಳಿಗೆ ಹನ್ನೆರಡು ದಿನದ ಖಾಯಂ ಕೆಲಸ ಕೊಡುವ ಒಬ್ಬರು ಸಿಕ್ಕಿದ ದಿನ ಶೋರೂಮಿಗೆ ಹೋಗು.

ಫೈನಾನ್ಸ್‌ನವರು 9 ಪರ್ಸೆಂಟ್ ಅಂತಾರೆ. ಬ್ಯಾಂಕಿನವರು 12 ಅಂತಾರೆ. 8 ಲಕ್ಷ ಸಾಲ, ನಾಲ್ಕು ವರ್ಷ. ಬ್ಯಾಂಕ್ ಯಾಕೆ ಇಷ್ಟು ದುಬಾರಿ?
– ರಾಣೆಬೆನ್ನೂರಿನ ಓದುಗರು

ದುಬಾರಿ ಬ್ಯಾಂಕ್ ಅಲ್ಲ ಅಣ್ಣಾ. ಫೈನಾನ್ಸ್‌ನವರು ಹೇಳುವ 9 ಫ್ಲ್ಯಾಟ್ ಲೆಕ್ಕ. ನೀವು ಅಸಲು ತೀರಿಸುತ್ತಾ ಬಂದರೂ ಬಡ್ಡಿ ಮಾತ್ರ ಪೂರಾ 8 ಲಕ್ಷದ ಮೇಲೆ, ನಾಲ್ಕೂ ವರ್ಷ. ಹಾಗಾಗಿ ಬಡ್ಡಿ 2,88,000. ಕಂತು 22,667. ಬ್ಯಾಂಕಿನವರು ಉಳಿದ ಅಸಲಿಗಷ್ಟೇ ಬಡ್ಡಿ ಹಾಕುತ್ತಾರೆ. ಅವರ 12 ಪರ್ಸೆಂಟಿಗೆ ಕಂತು ಸುಮಾರು 21,067. ತಿಂಗಳಿಗೆ 1,600 ವ್ಯತ್ಯಾಸ, 48 ತಿಂಗಳಿಗೆ 76,800. ಬ್ಯಾಂಕಿನ ಲೆಕ್ಕದಲ್ಲಿ ಹೇಳುವುದಾದರೆ ಆ 9 ಅನ್ನುವುದು ಹತ್ತಿರ ಹತ್ತಿರ 16.

ಪರ್ಸೆಂಟ್ ಕೇಳಲೇಬೇಡಿ. ಕಂತು ಎಷ್ಟು, ಎಷ್ಟು ತಿಂಗಳು, ಮೊದಲೇ ತೀರಿಸಿದರೆ ದಂಡ ಎಷ್ಟು, ಈ ಮೂರು ಕೇಳಿ. ಹಾಗಂತ ನಾನು ಫೈನಾನ್ಸ್‌ನವರನ್ನು ಬೈಯುವುದಿಲ್ಲ. ನಮಗೆ ಮೊದಲ ಸಾಲ ಕೊಟ್ಟವರು ಅವರೇ. ಬ್ಯಾಂಕಿನಲ್ಲಿ ಆಗ ನಮ್ಮನ್ನು ಕೂರಿಸಿ ಮಾತಾಡಿಸುವವರೂ ಇರಲಿಲ್ಲ. ಈಗ ಮುದ್ರಾ ಸಾಲ ಮೊದಲ ಸಲಕ್ಕೆ 10 ಲಕ್ಷದವರೆಗೆ ಸಿಗುತ್ತದೆ, ಕೇಳಿ ನೋಡಿ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ನಿಗಮಗಳಲ್ಲಿ ಸ್ವಾವಲಂಬಿ ಸಾರಥಿ ಅಂತ ಒಂದು ಯೋಜನೆ ಇದೆ, ಸರಕು ಗಾಡಿಗೂ ಸಹಾಯಧನ ಉಂಟು. ಅರ್ಜಿ ಕರೆಯುವ ದಿನಕ್ಕೆ ಕಣ್ಣಿಟ್ಟಿರಬೇಕು.

ಇನ್ನೊಂದು. ಸಾಲ ತೀರಿದ ದಿನ, ಬಾಕಿ ಇಲ್ಲ ಅನ್ನುವ ಎನ್‌ಒಸಿ ಮತ್ತು ಫಾರಂ 35 ಇಸ್ಕೊಂಡು ಆರ್‌ಸಿಯಿಂದ, ಅಂದರೆ ಗಾಡಿಯ ನೋಂದಣಿ ಪತ್ರದಿಂದ, ಸಾಲ ಕೊಟ್ಟವರ ಹೆಸರು ತೆಗೆಸಿ. ನಾನು ಸಿಹಿ ಹಂಚಿ ಮರೆತುಬಿಟ್ಟೆ. ಆರು ವರ್ಷ ಆದ ಮೇಲೆ ಗಾಡಿ ಮಾರಲು ಹೋದರೆ ಆ ಫೈನಾನ್ಸ್ ಬಾಗಿಲು ಮುಚ್ಚಿ ಹೋಗಿತ್ತು.

ಹಳೇ ಟೆಂಪೋ ಮಾರಿ ಎಂಟು ತಿಂಗಳಾಯ್ತು. ತಗೊಂಡವರು ಇನ್ನೂ ಆರ್‌ಸಿ ಬದಲಿಸಿಲ್ಲ. ಪರಿಚಯದವರು, ಹೇಗೆ ಕೇಳೋದು?
– ಹರಿಹರ

ಇವತ್ತೇ ಕೇಳಿ. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅಪಘಾತದ ಪರಿಹಾರಕ್ಕೆ ಅವರೇ ಮಾಲೀಕರು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಗಾಡಿ ಕೈಬಿಟ್ಟಿದ್ದರೂ ಸರಿ, ದುಡ್ಡು ಇಸ್ಕೊಂಡಿದ್ದರೂ ಸರಿ. ಹೆಸರು ಬದಲಾಯಿಸುವ ಫಾರಂ 29, 30ಕ್ಕೆ ಸಹಿ ಹಾಕಿಸಿಕೊಳ್ಳುವ ತನಕ ಬೀಗದಕೈ ಕೊಡಬಾರದಿತ್ತು. ಪರಿಚಯ ಉಳಿಯಬೇಕಾದರೆ ಕಾಗದ ಸರಿಯಿರಬೇಕು.

ಚಳ್ಳಕೆರೆಯಿಂದ ಯಶವಂತಪುರಕ್ಕೆ ಈರುಳ್ಳಿ ಹೊಡೆಯುತ್ತೇವೆ. ಹೋಗುವಾಗ ಬಾಡಿಗೆ ಚೆನ್ನಾಗಿದೆ. ಬರುವಾಗ ಖಾಲಿ. ಬ್ರೋಕರ್‌ಗಳು ರಿಟರ್ನ್ ಲೋಡಿಗೆ ಅರ್ಧ ಬಾಡಿಗೆ ಹೇಳುತ್ತಾರೆ. ಖಾಲಿ ಬರುವುದೇ ವಾಸಿ ಅನ್ನಿಸುತ್ತದೆ. ಸರಿನಾ?
– ಅಪ್ಪ, ಮಗ ಇಬ್ಬರ ಪರವಾಗಿ

ಇದಕ್ಕೆ ಹೌದು ಅಂತಲೂ ಹೇಳಬಹುದು, ಇಲ್ಲ ಅಂತಲೂ ಹೇಳಬಹುದು. ನಿಂತ ದಿನದ ಲೆಕ್ಕ ಗೊತ್ತಿದ್ದರೆ ಉತ್ತರ ತಾನೇ ಬರುತ್ತದೆ.

ಸುಮಾರು 200 ಕಿಲೋಮೀಟರ್ ದಾರಿ. ನಿಮ್ಮ ಆರು ಚಕ್ರದ ಗಾಡಿ ಖಾಲಿ ಬಂದರೂ ಮೂರೂವರೆ ಸಾವಿರದ ಡೀಸೆಲ್ ಕುಡಿಯುತ್ತದೆ, ಟೋಲ್ ಬೇರೆ. ಅರ್ಧ ಬಾಡಿಗೆಯ ಲೋಡ್ ಅದೇ ದಿನ ಸಿಕ್ಕಿದರೆ ಕಣ್ಣಿಗೆ ಒತ್ತಿಕೊಂಡು ಹಾಕಿಕೊಳ್ಳಿ. ಅದೇ ಲೋಡಿಗೆ ಎರಡು ದಿನ ಕಾಯಬೇಕಾದರೆ? ಡ್ರೈವರ್ ಬತ್ತಾ, ಊಟ, ಎರಡು ನಿಂತ ದಿನದ ದುಡ್ಡು, ಊರಲ್ಲಿ ತಪ್ಪಿದ ಈರುಳ್ಳಿ ಲೋಡು. ಆಗ ಖಾಲಿ ಬರುವುದೇ ಲಾಭ. ನಮ್ಮಲ್ಲಿ ಒಂದು ನಿಯಮ ಇದೆ. ಅನ್‌ಲೋಡ್ ಆಗಿ ಒಂದು ರಾತ್ರಿ, ಒಂದು ಹಗಲು. ಅಷ್ಟರಲ್ಲಿ ಸಿಗದಿದ್ದರೆ ಗಾಡಿ ತಿರುಗಿಸಿ ಅಂತ ನಾನೇ ಫೋನ್ ಮಾಡುತ್ತೇನೆ. ಡ್ರೈವರ್ ಪಾಪ "ಇನ್ನೊಂದು ದಿನ ನೋಡೋಣ ಅಕ್ಕಾ" ಅಂತಾನೆ. ಟ್ರಕ್ ಟರ್ಮಿನಲ್‌ನಲ್ಲಿ ಮಲಗಿದರೆ ಅವನ ಬೆನ್ನಿಗೆ ಒಳ್ಳೆಯದು, ನನ್ನ ಪುಸ್ತಕಕ್ಕೆ ಅಲ್ಲ.

ಆದರೆ ನಿಮ್ಮ ಕಷ್ಟದ ಬೇರು ಬ್ರೋಕರ್ ಅಲ್ಲ, ಈರುಳ್ಳಿ. ನೆಲಮಂಗಲ, ದಾಬಸ್‌ಪೇಟೆ ಕಡೆ ಗೋಡೌನ್‌ಗಳು ಲೆಕ್ಕವಿಲ್ಲದಷ್ಟಿವೆ. ಅಲ್ಲಿಂದ ಬಿಸ್ಕೆಟ್ಟು, ಸೋಪು, ಟೀ ಪುಡಿ ನಮ್ಮ ಕಡೆಗೆ ದಿನವೂ ಬರುತ್ತವೆ. ಈರುಳ್ಳಿ ವಾಸನೆ ಹೊಡೆಯುವ ಗಾಡಿಗೆ ಅವರು ಗೇಟೂ ತೆಗೆಯುವುದಿಲ್ಲ. 2012ರಲ್ಲಿ ನಾನೇ ಒಮ್ಮೆ ಗಾಡಿ ಜೊತೆ ಹೋಗಿದ್ದೆ, ಯಾಕೆ ನಮ್ಮದು ಮೂರು ಸಲ ರಿಜೆಕ್ಟ್ ಆಯ್ತು ನೋಡೋಣ ಅಂತ. ಒಬ್ಬ ಸೂಪರ್‌ವೈಸರ್ ಬಂದ. ನನ್ನ ಮಗನ ವಯಸ್ಸು. ಚಪ್ಪಲಿ ಬಿಚ್ಚಿ ಬಾಡಿ ಹತ್ತಿದ. ಮಂಡಿಯೂರಿ ಕೂತು ಹಲಗೆ ಮೇಲೆ ಅಂಗೈ ಆಡಿಸುತ್ತಾ ಹೋದ, ಅಕ್ಕಿ ಆರಿಸುವ ಹಾಗೆ. ಒಂದು ಕಡೆ ನಿಂತ. ಒಂದು ಮೊಳೆ ತಲೆ ಎದ್ದಿತ್ತು, ಕಾಳು ಮೆಣಸಿನಷ್ಟು. ಆಮೇಲೆ ಮೂಲೆಗೆ ಹೋಗಿ ಮೂಗಿಟ್ಟು ಮೂಸಿದ. "ಅಮ್ಮ, ಈ ಗಾಡಿಯಲ್ಲಿ ಟೀ ಪುಡಿ ಹೋದರೆ ಹೊಸಪೇಟೆಯಲ್ಲಿ ಈರುಳ್ಳಿ ಟೀ ಕುಡೀತಾರೆ" ಅಂದ. ನಗು ಬಂತು, ಹೊಟ್ಟೆಯೂ ಉರಿಯಿತು.

ಅವತ್ತು ಊರಿಗೆ ಬಂದು ಮೊಳೆಗಳನ್ನೆಲ್ಲ ಬಡಿಸಿದೆ. ಈರುಳ್ಳಿ ಇಳಿದ ಮೇಲೆ ಸಿಪ್ಪೆ ಒಂದೂ ಉಳಿಯದಂತೆ ಗುಡಿಸಿ, ಬ್ಲೀಚಿಂಗ್ ಪುಡಿ ನೀರಿನಲ್ಲಿ ತೊಳೆದು, ಹಿಂದಿನ ಡೋರ್ ಬಿಚ್ಚಿ ಅರ್ಧ ದಿನ ಬಿಸಿಲಿಗೆ ನಿಲ್ಲಿಸುವುದು. ಕ್ಲೀನರ್‌ಗೆ ಆ ಕೆಲಸಕ್ಕೆ ಬೇರೆ 200 ರೂಪಾಯಿ. ಆದರೂ ಟೀ ಪುಡಿ ನಮಗೆ ಇವತ್ತಿಗೂ ಸಿಕ್ಕಿಲ್ಲ. ಪಿವಿಸಿ ಪೈಪು, ಪೇಂಟು, ಪಶು ಆಹಾರ ಸಿಗುತ್ತಿದೆ. ವಾಸನೆಯ ಗೊಡವೆ ಇಲ್ಲದ ಸರಕು. ನಿಮ್ಮ ಮಗನಿಗೆ ಹೇಳಿ, ಚಳ್ಳಕೆರೆಯಲ್ಲಿ ಯಾವ ಯಾವ ಅಂಗಡಿಗೆ ಬೆಂಗಳೂರಿನಿಂದ ಮಾಲು ಬರುತ್ತದೆ ಅಂತ ಒಂದು ವಾರ ತಿರುಗಿ ಪಟ್ಟಿ ಮಾಡಲಿ. ರಿಟರ್ನ್ ಲೋಡ್ ಹುಡುಕಬೇಕಾದ್ದು ಯಶವಂತಪುರದಲ್ಲಲ್ಲ, ನಿಮ್ಮ ಊರಿನ ಪೇಟೆಯಲ್ಲೇ. ಮಾಲು ಇಳಿಸಿಕೊಳ್ಳುವವನು ಒಂದು ಮಾತು ಹೇಳಿದರೆ ಕಳಿಸುವವನು ನಿಮ್ಮ ಗಾಡಿಗೇ ಹಾಕುತ್ತಾನೆ.

ಮೊಬೈಲ್ ಆ್ಯಪ್‌ನಲ್ಲೂ ಲೋಡ್ ಬರುತ್ತವೆ, ನಾವೂ ನೋಡುತ್ತೇವೆ. ಆದರೆ "ಬುಕಿಂಗ್ ಚಾರ್ಜ್ ಮೊದಲು ಹಾಕಿ" ಅಂದವರಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ. ಬಾಡಿಗೆ ಕೊಡಬೇಕಾದವನು ದುಡ್ಡು ಕೇಳುತ್ತಾನಾ?

ಕಾರಿನ ಲೈಸೆನ್ಸ್ ಇದೆ. ಅದರಲ್ಲಿ ಪಿಕಪ್ ಓಡಿಸಬಹುದಾ? ಪರ್ಮಿಟ್ ಬೇಕಾ?
– ಕಡೂರು

ಓಡಿಸಬಹುದು. ಗಾಡಿ, ಮಾಲು ಸೇರಿ ಒಟ್ಟು ತೂಕ 7,500 ಕೆಜಿ ದಾಟದ ಸರಕು ಗಾಡಿಗೆ ನಿಮ್ಮ ಕಾರಿನ ಎಲ್‌ಎಂವಿ (ಹಗುರ ವಾಹನ) ಲೈಸೆನ್ಸ್ ಸಾಕು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳು 2024ರ ನವೆಂಬರ್‌ನಲ್ಲಿ ಹೇಳಿದ್ದಾರೆ. ಪರ್ಮಿಟ್ ವಿಷಯಕ್ಕೆ ಆರ್‌ಸಿಯಲ್ಲಿ ಒಟ್ಟು ತೂಕ ನೋಡಿ. 3,000 ಕೆಜಿ ಒಳಗಿದ್ದರೆ ಬೇಡ. ಈಗಿನ ಕೆಲವು ಪಿಕಪ್‌ಗಳು ಆ ಗೆರೆ ದಾಟಿವೆ, ಸುಮ್ನೆ ಪಕ್ಕದವನ ಮಾತು ಕೇಳಿ ತರಬೇಡಿ.

ನಮ್ಮ ಊರಲ್ಲಿ ಮದುವೆ ದಿಬ್ಬಣಕ್ಕೆ ಪಿಕಪ್ ಕೇಳುತ್ತಾರೆ. ಕಳಿಸಲಾ? ನೆಂಟರು ಬೇರೆ.
– ಹೊಸದುರ್ಗ

ಬೇಡ ತಂಗೀ. ಸರಕು ಗಾಡಿಯಲ್ಲಿ ಹಾಗೆ ಹತ್ತಿದ ಜನಕ್ಕೆ ಇನ್ಶೂರೆನ್ಸ್ ಇಲ್ಲ. ಏನಾದರೂ ಆದರೆ ಪರಿಹಾರದ ಹೊರೆ ನಿಮ್ಮ ಮನೆ ಮೇಲೆ ಬೀಳುತ್ತದೆ. ಪಾತ್ರೆ, ಶಾಮಿಯಾನ ಸಾಗಿಸಿಕೊಡಿ, ಬಾಡಿಗೆ ತಗೋಬೇಡಿ. ನೆಂಟಸ್ತಿಕೆ ಅಲ್ಲಿಗೆ ಉಳಿಯುತ್ತದೆ.

ನಮ್ಮವರು ಹತ್ತು ಚಕ್ರದ ಲಾರಿ ಓಡಿಸುತ್ತಾರೆ, ಸ್ವಂತದ್ದು. ದುಡ್ಡು ಬರುವುದು ಕಾಣುತ್ತದೆ, ಉಳಿಯುವುದು ಕಾಣುವುದಿಲ್ಲ. ನಾನು ಪಿಯುಸಿ ಓದಿದ್ದೇನೆ. ಲೆಕ್ಕ ಇಡುವುದು ಹೇಗೆ?
– ಶಿವಮೊಗ್ಗದ ಸಹೋದರಿ

ಈ ಕಾಗದ ಓದಿ ನನಗೆ ನನ್ನದೇ ಅಕ್ಷರ ನೋಡಿದ ಹಾಗಾಯ್ತು.

ಒಂದು ಉದ್ದದ ನೋಟ್ ಪುಸ್ತಕ ತಗೊಳ್ಳಿ. ಕಂಪ್ಯೂಟರ್ ಆಮೇಲೆ. ಒಂದು ಟ್ರಿಪ್ಪಿಗೆ ಒಂದು ಪುಟ. ಮೇಲೆ ಹೊರಟ ತಾರೀಕು, ಮೀಟರ್ ಎಷ್ಟಿತ್ತು ಅಂತ. ಬಂದ ದಿನ ಮತ್ತೆ ಮೀಟರ್. ಮಧ್ಯೆ ಎಷ್ಟು ಕಿಲೋಮೀಟರ್ ಲೋಡಿನಲ್ಲಿ, ಎಷ್ಟು ಖಾಲಿ. ಎಷ್ಟು ದಿನ ನಿಂತಿತ್ತು, ಎಲ್ಲಿ, ಯಾಕೆ. ಈ ಕೊನೆಯ ಸಾಲನ್ನು ಯಾರೂ ಬರೆಯುವುದಿಲ್ಲ. ದುಡ್ಡು ಸೋರುವುದು ಅಲ್ಲೇ. ಬಾಡಿಗೆ, ಬ್ರೋಕರ್ ಕಮಿಷನ್, ಹಮಾಲಿ, ಟೋಲ್, ಬತ್ತಾ, ಪಂಕ್ಚರ್ ಎಲ್ಲ ಎಲ್ಲರೂ ಬರೆಯುತ್ತಾರೆ. ಡೀಸೆಲ್ ಮಾತ್ರ ರೂಪಾಯಿಯಲ್ಲಿ ಬೇಡ, ಲೀಟರಿನಲ್ಲಿ ಬರೆಯಿರಿ. ಫುಲ್ ಟ್ಯಾಂಕಿನಿಂದ ಫುಲ್ ಟ್ಯಾಂಕಿಗೆ. ಹೊಸ ಗಾಡಿಯಾದರೆ ಆ್ಯಡ್‌ಬ್ಲೂ, ಅಂದರೆ ಹೊಗೆ ಶುದ್ಧ ಮಾಡಲು ಹಾಕುವ ದ್ರವ, ಬೇರೆ ಸಾಲು. ನಮ್ಮ ಯಜಮಾನರು ಮೊದಮೊದಲು "ಇತರೆ 700" ಅಂತ ಹೇಳುತ್ತಿದ್ದರು. ಇತರೆ ಅಂದರೆ ಏನು ಅಂತ ನಾನು ಕೇಳಿದರೆ ಮಾತು ಬದಲಿಸುತ್ತಿದ್ದರು. ಅರ್ಧ ಮಾಮೂಲು, ಅರ್ಧ ಮಿರ್ಚಿ ಮಂಡಕ್ಕಿ ಅಂತ ಆಮೇಲೆ ಗೊತ್ತಾಯ್ತು.

ಪುಸ್ತಕದ ಹಿಂಭಾಗದಲ್ಲಿ ಟೈರಿಗೆ ಹತ್ತು ಪುಟ ಬಿಡಿ. ಟೈರಿನ ಪಕ್ಕದಲ್ಲಿ ಒಂದು ಸೀರಿಯಲ್ ನಂಬರ್ ಇರುತ್ತದೆ. ಯಾವ ನಂಬರ್ ಯಾವ ಚಕ್ರಕ್ಕೆ, ಯಾವತ್ತು, ಎಷ್ಟು ಮೀಟರಿಗೆ ಹಾಕಿದ್ದು ಅಂತ ಬರೆಯಿರಿ. ಹೊಸ ಜೋಡಿ ಮುಂದಕ್ಕೆ. ಅಲ್ಲಿ ಸವೆದದ್ದು ಹಿಂದಕ್ಕೆ. ಆಮೇಲೆ ರೀಸೋಲ್, ಅಂದರೆ ಸವೆದ ಟೈರಿಗೆ ಹೊಸ ರಬ್ಬರ್ ಪಟ್ಟಿ, ಅದೂ ಹಿಂದಕ್ಕೇ. ರೀಸೋಲ್ ಮಾಡಿದ್ದನ್ನು ಮುಂದೆ ಹಾಕಿದರೆ ಜೀವದ ಮೇಲೆ ಆಟ. ನಂಬರ್ ಬರೆಯುವುದಕ್ಕೆ ಇನ್ನೊಂದು ಕಾರಣ ಇದೆ. 2009ರಲ್ಲಿ ಗಾಡಿ ತೊಳೆಯುವಾಗ ನಾನು ಸುಮ್ನೆ ಪುಸ್ತಕ ಹಿಡಿದು ಸುತ್ತು ಹಾಕಿದೆ. ಎಡಗಡೆ ಒಳಚಕ್ರದ ನಂಬರ್ ನನ್ನ ಪುಸ್ತಕದಲ್ಲೇ ಇಲ್ಲ. ನಾಲ್ಕು ತಿಂಗಳ ಹಿಂದೆ ಹಾಕಿದ ಟೈರು ದಾರಿಯಲ್ಲೆಲ್ಲೋ ಇಳಿದು, ಬೋಳು ಟೈರು ಹತ್ತಿತ್ತು. ಡ್ರೈವರ್ ಕಾಲು ಹಿಡಿದ. ಮನೆಯಲ್ಲಿ ಮಗಳಿಗೆ ಹುಷಾರಿರಲಿಲ್ಲವಂತೆ. ಕೇಳಿದ್ದರೆ ನಾನೇ ಕೊಡುತ್ತಿದ್ದೆನಲ್ಲ ಅಂತ ಇವತ್ತಿಗೂ ಬೇಜಾರು. ಅವನನ್ನು ಕೆಲಸದಿಂದ ಬಿಡಿಸಲಿಲ್ಲ. ಟೈರಿನ ದುಡ್ಡು ಸಂಬಳದಲ್ಲಿ ಮುರಿದುಕೊಂಡೆ.

ಆರು ತಿಂಗಳು ಬರೆದ ಮೇಲೆ ಖಾಲಿ ಕಿಲೋಮೀಟರ್ ಕೂಡಿ ನೋಡಿ. ನೂರಕ್ಕೆ ನಲವತ್ತು ಬಂದರೆ ನಿಮ್ಮವರ ದುಡಿಮೆಯಲ್ಲಿ ತಪ್ಪಿಲ್ಲ, ದಾರಿಯಲ್ಲಿ ತಪ್ಪಿದೆ.

ಲೋಡ್ ಮಾಡುವವರು "ಇನ್ನೆರಡು ಟನ್ ಹಾಕ್ಕೊಳ್ಳಿ, ಎಲ್ಲರೂ ಹಾಕ್ಕೋತಾರೆ" ಅಂತಾರೆ. ಹಾಕದಿದ್ದರೆ ಲೋಡೇ ಕೊಡಲ್ಲ.
– ಹೊಸಪೇಟೆ

ಹತ್ತು ಚಕ್ರದ ಗಾಡಿಗೆ 2018ರಿಂದ ಗಾಡಿ, ಮಾಲು ಸೇರಿ ಒಟ್ಟು 28.5 ಟನ್, ಆರು ಚಕ್ರಕ್ಕೆ 18.5. ಅದರ ಮೇಲೆ ಸಿಕ್ಕಿಬಿದ್ದರೆ 20,000 ದಂಡ, ಜೊತೆಗೆ ಟನ್ನಿಗೆ 2,000. ಎರಡು ಟನ್ನಿಗೆ 24,000 ಆಯ್ತು. ಹೆಚ್ಚಿನ ಮಾಲನ್ನು ಅಲ್ಲೇ ಇಳಿಸಬೇಕು, ಹಮಾಲಿ ನಿಮ್ಮದೇ. ಟನ್ನಿಗೆ 1,200 ಬಾಡಿಗೆ ಅಂದುಕೊಂಡರೆ ಎರಡು ಟನ್ನಿಂದ ಬರುವುದು 2,400. ಹತ್ತು ಸಲ ಪಾರಾಗಿ ಒಂದು ಸಲ ಸಿಕ್ಕಿಬಿದ್ದರೂ ಲೆಕ್ಕ ಸೊನ್ನೆ. ಸ್ಪ್ರಿಂಗ್ ಪಟ್ಟಿ ಮುರಿದದ್ದು, ಟೈರ್ ಸಿಡಿದದ್ದು ನಾನು ಹಿಡಿದೇ ಇಲ್ಲ.

ದಾರಿಯಲ್ಲಿ ಗಾಡಿ ಕೆಟ್ಟಿತು. ಇ-ವೇ ಬಿಲ್ ಅವಧಿ ಮುಗಿಯಿತು. ಏನು ಮಾಡಬೇಕಿತ್ತು?
– ಸಿರಾ

ಇ-ವೇ ಬಿಲ್ ಅಂದರೆ ಮಾಲಿನ ಜೊತೆ ಇರಬೇಕಾದ ಜಿಎಸ್‌ಟಿ ಚೀಟಿ. ಅದರ ಅವಧಿ 200 ಕಿಲೋಮೀಟರಿಗೆ ಒಂದು ದಿನ. ಮುಗಿಯುವ 8 ಗಂಟೆ ಮೊದಲಿನಿಂದ, ಮುಗಿದ 8 ಗಂಟೆ ನಂತರದವರೆಗೆ ಕಾರಣ ಹಾಕಿ ಮುಂದುವರಿಸಬಹುದು. ಮಾಲನ್ನು ಬೇರೆ ಗಾಡಿಗೆ ಹಾಕಿದರೆ ಆ ಗಾಡಿಯ ನಂಬರ್ ಬಿಲ್ಲಿನಲ್ಲಿ ಬದಲಿಸಲೇಬೇಕು. ಗಾಡಿ ಕೆಟ್ಟ ತಕ್ಷಣ ಡ್ರೈವರ್ ಮೆಕ್ಯಾನಿಕ್‌ಗೆ ಫೋನ್ ಮಾಡುತ್ತಾನೆ. ಎರಡನೇ ಫೋನ್ ನಿಮಗೆ, ಮೂರನೆಯದು ಪಾರ್ಟಿಗೆ, ಅಂದರೆ ಲೋಡ್ ಕೊಟ್ಟವರಿಗೆ. ಇದನ್ನು ಕ್ಯಾಬಿನ್‌ನಲ್ಲಿ ಬರೆದು ಅಂಟಿಸಿ.

ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಿಂದ 31,000 ಬ್ಯಾಲೆನ್ಸ್ ಬರಬೇಕು. ಅಕ್ನಾಲೆಡ್ಜ್‌ಮೆಂಟ್ ಬಂದಿಲ್ಲ ಅಂತ ಐದು ತಿಂಗಳಿಂದ ಅಲೆಸುತ್ತಿದ್ದಾರೆ.
– ಗಂಗಾವತಿ

ನನ್ನನ್ನೂ ಹನ್ನೊಂದು ತಿಂಗಳು ಅಲೆಸಿದ್ದಾರೆ, ಬೇರೊಂದು ಊರಿನ ಆಫೀಸಿನವರು. ಮಾಲು ಇಳಿಸಿಕೊಂಡವರು ಸೀಲು, ಸಹಿ ಹಾಕಿದ ಎಲ್‌ಆರ್ (ಲಾರಿ ರಸೀದಿ) ಕಾಪಿಯನ್ನು ನಮ್ಮ ಡ್ರೈವರ್ ತಂದು ಟೇಬಲ್ ಮೇಲಿಟ್ಟು ಬಂದಿದ್ದ. ಯಾರಿಗೆ ಕೊಟ್ಟೆ ಅಂದರೆ "ಕನ್ನಡಕದವರಿಗೆ" ಅಂದ. ಆ ಆಫೀಸಿನಲ್ಲಿ ಮೂವರು ಕನ್ನಡಕದವರಿದ್ದರು.

ಈಗ ನಾವು ಎಲ್‌ಆರ್‌ನ ಎರಡೂ ಬದಿ ಫೋಟೋ ತೆಗೆದು ಅನ್‌ಲೋಡ್ ಆದ ಜಾಗದಿಂದಲೇ ವಾಟ್ಸ್ಆ್ಯಪ್ ಮಾಡುತ್ತೇವೆ. ಮೂಲ ಕಾಪಿ ಕೊಡುವಾಗ ಝೆರಾಕ್ಸ್ ಮೇಲೆ ತಾರೀಕು, ಸಹಿ. ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ ಉದ್ಯಮ್ ಮಾಡಿಸಿ, ಅದಕ್ಕೆ ಒಂದು ಪೈಸೆ ಖರ್ಚಿಲ್ಲ. ನೋಂದಾಯಿತ ಸಣ್ಣ ಉದ್ದಿಮೆಗೆ 45 ದಿನದೊಳಗೆ ದುಡ್ಡು ಕೊಡಬೇಕು ಎಂದು ಕಾನೂನೇ ಇದೆ. ಹಳೇ ಬಾಕಿಗೆ ಇದು ಎಷ್ಟು ಉಪಯೋಗಕ್ಕೆ ಬಂದೀತು ಅಂತ ವಕೀಲರನ್ನು ಕೇಳಿ. ಮುಂದಿನ ಬಾಕಿಗಂತೂ ಬೆದರಿಸಲು ಒಂದು ಕೋಲು ಸಿಗುತ್ತದೆ. ಇನ್ನು ಮೇಲೆ ಗೊತ್ತಿಲ್ಲದ ಆಫೀಸಿನ ಲೋಡಾದರೆ 80 ಪರ್ಸೆಂಟ್ ಅಡ್ವಾನ್ಸ್ ಅಕೌಂಟಿಗೆ ಬರುವ ತನಕ ಗಾಡಿ ಗೇಟಿನಿಂದ ಹೊರಡುವುದು ಬೇಡ.

ಮೂರು ಲಾರಿ ಇವೆ. ನಾಲ್ಕನೆಯದು ತಗೊಳ್ಳಲಾ? ದೊಡ್ಡ ಸಾಗಣೆ ಕಂಪನಿ ವಿಆರ್‌ಎಲ್‌ನವರೂ ಒಂದೇ ಲಾರಿಯಿಂದ ಶುರು ಮಾಡಿದ್ದಲ್ವಾ?
– ಗದಗ ಜಿಲ್ಲೆಯ ಓದುಗ

ಹೌದು, ನಿಮ್ಮ ಗದಗದಲ್ಲೇ, 1976ರಲ್ಲಿ ವಿಜಯ ಸಂಕೇಶ್ವರರು ಒಂದು ಲಾರಿಯಿಂದ ಶುರು ಮಾಡಿದರು. ಆ ಒಂದು ಲಾರಿಯ ಕಥೆಯನ್ನೇ ಎಲ್ಲರೂ ಹೇಳುತ್ತಾರೆ. ಅವರು ಹುಬ್ಬಳ್ಳಿಗೆ ಬಂದು ಬೆಂಗಳೂರು, ಬೆಳಗಾವಿ ಅಂತ ಊರೂರಿಗೆ ಪಾರ್ಸೆಲ್ ಹಿಡಿದದ್ದನ್ನು ಕಡಿಮೆ ಹೇಳುತ್ತಾರೆ. ಪಾರ್ಸೆಲ್ ಅಂದರೆ ಬುಕಿಂಗ್ ನಿಮ್ಮ ಕೈಯಲ್ಲಿ. ಬ್ರೋಕರ್ ಫೋನ್ ಕಾಯಬೇಕಿಲ್ಲ. ಬೆಳೆದದ್ದು ಗಾಡಿಯ ಲೆಕ್ಕದಿಂದಲ್ಲ, ಬುಕಿಂಗಿನಿಂದ.

ನಾನು ಏಳು ಗಾಡಿ ಮಾಡಿದ್ದು 2016ರಲ್ಲಿ. ಲೋಡ್ ಐದಕ್ಕೆ ಮಾತ್ರ ಇತ್ತು. ಡ್ರೈವರ್‌ಗಳೂ ಐದೇ ಜನ ಒಳ್ಳೆಯವರು. ಉಳಿದೆರಡು ಗಾಡಿ ನಿಲ್ಲುತ್ತಿದ್ದವು, ಅವುಗಳ ಕಂತನ್ನು ಓಡುವ ಐದು ಕಟ್ಟುತ್ತಿದ್ದವು. ಊರಲ್ಲಿ "ಏಳು ಗಾಡಿ ಸಾವುಕಾರ್ತಿ" ಅಂತಿದ್ದರು, ಕೇಳೋಕೆ ಹಿತ ಅನ್ನಿಸುತ್ತಿತ್ತು. ಎರಡು ವರ್ಷ ಆ ಹಿತಕ್ಕೆ ದುಡ್ಡು ಕಟ್ಟಿ, ಎರಡನ್ನೂ ಮಾರಿದೆ.

ಹಾಗಾಗಿ ನಿಮಗೆ ಮೂರು ಪ್ರಶ್ನೆ. ಕಳೆದ ಮೂರು ತಿಂಗಳಲ್ಲಿ ಗಾಡಿ ಇಲ್ಲ ಅಂತ ಎಷ್ಟು ಲೋಡ್ ಬಿಟ್ಟಿರಿ? ವಾರಕ್ಕೆ ಒಂದಕ್ಕಿಂತ ಕಡಿಮೆ ಇದ್ದರೆ ನಾಲ್ಕನೆಯದು ಬೇಡ, ಜಾಸ್ತಿ ಬಂದ ದಿನ ಬೇರೆಯವರ ಗಾಡಿ ಅಟ್ಯಾಚ್ ಮಾಡಿಕೊಳ್ಳಿ. ನಿಮ್ಮ ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಒಬ್ಬನೇ ಪಾರ್ಟಿಯಿಂದ ಬರುತ್ತಿದೆಯಾ? ಹಾಗಿದ್ದರೆ ಇನ್ನೊಬ್ಬ ಪಾರ್ಟಿ ಹುಡುಕುವುದು ಮೊದಲು. ಮೂರನೆಯದು, ನೀವೇ ಒಂದು ಗಾಡಿ ಓಡಿಸುತ್ತಿದ್ದೀರಾ? ಸ್ಟೇರಿಂಗ್ ಬಿಡಿ. ನೀವು ವಿಜಯಪುರದಲ್ಲಿ ಲೋಡಿಗೆ ನಿಂತಾಗ ಉಳಿದೆರಡು ಗಾಡಿ ಎಲ್ಲಿವೆ ಅಂತ ನೋಡುವವರು ಯಾರು?

ಟ್ಯಾಕ್ಸ್ ವಿಷಯವನ್ನೂ ಹೇಳಿಬಿಡುತ್ತೇನೆ. ಹತ್ತು ಗಾಡಿಯೊಳಗಿದ್ದವರು ಪ್ಯಾನ್ ಜೊತೆ ಒಂದು ಡಿಕ್ಲರೇಷನ್ ಕೊಟ್ಟರೆ ಬಾಡಿಗೆಯಲ್ಲಿ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿಯುವ ತೆರಿಗೆ) ಕತ್ತರಿಸುವಂತಿಲ್ಲ. ಪಾರ್ಟಿಗಳು ಕತ್ತರಿಸಿ ಆಮೇಲೆ "ಅಯ್ಯೋ ಗೊತ್ತಿರಲಿಲ್ಲ" ಅಂತಾರೆ, ಮೊದಲ ಬಿಲ್ಲಿನ ಜೊತೆಯೇ ಕೊಡಿ. ಅಂದಾಜು ಆದಾಯದ ಲೆಕ್ಕವೂ ಹತ್ತು ಗಾಡಿ ತನಕ ಸಿಗುತ್ತದೆ. 12 ಟನ್ ಮೇಲಿನ ಗಾಡಿಗೆ ಟನ್ನಿಗೆ ತಿಂಗಳಿಗೆ 1,000, ಚಿಕ್ಕ ಗಾಡಿಗೆ ತಿಂಗಳಿಗೆ 7,500. 28.5 ಟನ್ನಿನ ಮೂರು ಲಾರಿಗೆ ವರ್ಷಕ್ಕೆ 10,26,000 ಆದಾಯ ಅಂತ ಹಿಡಿಯುತ್ತಾರೆ. ಅಷ್ಟು ಉಳಿಯುತ್ತಿಲ್ಲ ಅಂದರೆ ಪುಸ್ತಕ ಇಟ್ಟು, ಆಡಿಟ್ ಮಾಡಿಸಿ ನಿಜವಾದದ್ದು ತೋರಿಸಬಹುದು. ಆಡಿಟರ್ ಖರ್ಚು ನೋಡಿಕೊಳ್ಳಿ. ನಿಮ್ಮದೇ ಹೆಸರಿನ ಎಲ್‌ಆರ್ ಪುಸ್ತಕ ಅಚ್ಚು ಹಾಕಿಸಿದ ದಿನದಿಂದ ಕಥೆ ಬೇರೆ. ಆಗ ನೀವು ಬರೀ ಲಾರಿ ಮಾಲೀಕರಲ್ಲ, ಟ್ರಾನ್ಸ್‌ಪೋರ್ಟ್ ಏಜೆನ್ಸಿ. ಜಿಎಸ್‌ಟಿ ನಿಯಮ, 2007ರ ರಸ್ತೆ ಸಾಗಣೆ ಕಾಯ್ದೆಯ ನೋಂದಣಿ ಎಲ್ಲ ಬರುತ್ತದೆ.

ಹೊಸ ಗಾಡಿ ಬಾಡಿ ಕಟ್ಟಿಸುತ್ತಿದ್ದೇವೆ. ಹಿಂದೆ ಏನು ಬರೆಸಲಿ? ಮನೆಯಲ್ಲಿ ಜಗಳ ನಡೀತಿದೆ.
– ಬ್ಯಾಡಗಿ

ನಮ್ಮ ಮನೆಯಲ್ಲೂ ನಡೆದಿತ್ತು. ಯಜಮಾನರಿಗೆ ತಾಯಿ ಆಶೀರ್ವಾದ ಬೇಕು, ಮಗನಿಗೆ ಹುಲಿ ಚಿತ್ರ. ನಾನು ನನ್ನ ಫೋನ್ ನಂಬರ್ ಬರೆಸಿದೆ, ಒಂದಡಿ ಎತ್ತರದ ಅಂಕಿಯಲ್ಲಿ. "ಗಾಡಿ ಬಗ್ಗೆ ಏನಾದರೂ ಹೇಳಬೇಕಾದರೆ ಫೋನ್ ಮಾಡಿ" ಅಂತ ಕೆಳಗೆ. ಯಜಮಾನರು ಎರಡು ದಿನ ಮಾತು ಬಿಟ್ಟರು. ಡ್ರೈವರ್‌ಗಳೂ ಮುಖ ಊದಿಸಿಕೊಂಡರು.

ಮೊದಲ ಫೋನ್ ಬಂದದ್ದು ಹದಿನೇಳನೇ ದಿನ, ರಾತ್ರಿ ಒಂದೂವರೆಗೆ. ಯಾರೋ ಕಾರಿನವರು. "ಅಮ್ಮಾ, ಸಿರಾ ಹತ್ತಿರ ನಿಮ್ಮ ಗಾಡಿ ಮುಂದೆ ಹೋಗ್ತಿದೆ. ತಾಡಪಾಲಿನ ಹಗ್ಗ ಬಿಚ್ಚಿಕೊಂಡು ಹಾರ್ತಿದೆ. ಮಳೆ ಹನಿ ಶುರುವಾಗಿದೆ" ಅಂದರು. ಗಾಡಿಯಲ್ಲಿ ಹದಿನೆಂಟು ಟನ್ ಮೆಕ್ಕೆಜೋಳ. ಡ್ರೈವರ್‌ಗೆ ಫೋನ್ ಮಾಡಿ ಎಬ್ಬಿಸಿದ ಹಾಗೆ ಬೈದೆ. ಅವನು ನಿಲ್ಲಿಸಿ ಕಟ್ಟಿದ. ಹಿಂದಿನ ಎರಡು ಚೀಲ ಮಾತ್ರ ನೆಂದಿದ್ದವು.

ಹುಲಿ ಚಿತ್ರವನ್ನು ಎರಡನೇ ಗಾಡಿಗೆ ಬರೆಸಿಕೊಟ್ಟೆ.